ಹಂಡೆ ಒಲೆಗೆ ಹಾಕಿದರೆ ವಿಷ ಸಾಯುವುದಿಲ್ಲ

ಸಖರಾಯಪಟ್ಟಣದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಬೆಳಿಗ್ಗೆ ಬಚ್ಚಲುಮನೆಯ ಹೊಗೆಯನ್ನು ಮೂಸಿದರೆ ಸಾಕು, ಒಲೆಯೊಳಗೆ ಏನಿದೆ ಎಂದು ಹೇಳಬಹುದು. ತೆಂಗಿನ ಸೋಗೆ, ಚಿಪ್ಪು ಉರಿದರೆ ಒಂದು ವಾಸನೆ. ಮೂಗು ಉರಿಯುವಂಥ ಘಾಟು ಬಂದರೆ ತೋಟಕ್ಕೆ ಹೊಡೆದ ಔಷಧಿಯ ಪ್ಯಾಕೆಟ್ಟೋ ಹಳೆ ವೈರೋ ಒಲೆಗೆ ಬಿದ್ದಿದೆ ಎಂದರ್ಥ. ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಬೆಂಕಿಗೆ ಹಾಕಿದ ಮೇಲೆ ಇನ್ನೇನು ಉಳಿಯುತ್ತೆ?”

ಉಳಿಯುತ್ತದೆ. ಸೀಸ, ಪಾದರಸ, ಕ್ಯಾಡ್ಮಿಯಂ ಮೂಲಧಾತುಗಳು; ಬೆಂಕಿ ಅವುಗಳ ಜಾಗ ಬದಲಿಸಬಲ್ಲದೇ ಹೊರತು ಅವನ್ನು ಇಲ್ಲವಾಗಿಸಲಾರದು. ಪಾದರಸ 357 ಡಿಗ್ರಿಯಲ್ಲಿ ಕುದಿದು, ಆವಿಯಾಗಿ ಒಲೆ ಮುಂದೆ ಕೂತವರ ಉಸಿರಿಗೆ ಸೇರುತ್ತದೆ. ಸೀಸದ ಬಹುಪಾಲು ಬೂದಿಯಲ್ಲಿ ನಿಲ್ಲುತ್ತದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಎಂಬ ನಿಯಮ ಬಂದದ್ದೇ 2016ರಲ್ಲಿ. ಹಳೆ ಮನೆ ಕೆಡವಿದಾಗ ಸಿಕ್ಕ ಬಣ್ಣದ ಕಿಟಕಿ, ಬಾಗಿಲನ್ನು ಸೌದೆ ಮಾಡಿ ಉರಿಸುತ್ತೇವೆ. ಆ ಬೂದಿ ಒಂದಷ್ಟು ತೆಂಗಿನ ಬುಡಕ್ಕೆ ಹೋಗುತ್ತದೆ, ಉಳಿದದ್ದರಲ್ಲಿ ಪಾತ್ರೆ ತಿಕ್ಕುತ್ತೇವೆ. ಮಕ್ಕಳ ಊಟದ ತಟ್ಟೆಗೆ ನಾವೇ ಕೈಯಾರೆ ಸೀಸ ಸವರಿದ ಹಾಗೆ.

ಪಿವಿಸಿ ಪೈಪು, ವೈರುಗಳ ಕಥೆ ಇನ್ನೂ ಕೆಟ್ಟದ್ದು. ಅವುಗಳಲ್ಲಿ ಕ್ಲೋರಿನ್ ಇದೆ. ಅರೆಬರೆ ಉರಿದಾಗ ಡಯಾಕ್ಸಿನ್ ಎಂಬ ಗಟ್ಟಿ ವಿಷ ಹುಟ್ಟುತ್ತದೆ, ವೈರಿನ ತಾಮ್ರ ಅದಕ್ಕೆ ಒತ್ತಾಸೆ ಕೊಡುತ್ತದೆ. ಇದನ್ನು ನಾಶ ಮಾಡಲು ದೊಡ್ಡ ದಹನ ಘಟಕಗಳಲ್ಲಿ ಹೊಗೆಯನ್ನು ಕನಿಷ್ಠ 850 ಡಿಗ್ರಿಯಲ್ಲಿ ಎರಡು ಸೆಕೆಂಡಾದರೂ ಹಿಡಿದಿಡಬೇಕು. ನಮ್ಮ ಒಲೆಯಲ್ಲಿ ಒಂದು ಮೂಲೆ ನಿಗಿನಿಗಿ ಕೆಂಡ, ಇನ್ನೊಂದು ಮೂಲೆ ಬರೀ ಹೊಗೆ. ಮೇಲೆ ತಣ್ಣೀರು ತುಂಬಿದ ಹಂಡೆ. ಅದರ ತಳಕ್ಕೆ ತಾಗಿದ ಹೊಗೆ 200ರಿಂದ 400 ಡಿಗ್ರಿಯ ನಡುವೆ ತಣಿಯುತ್ತಾ ಹೋಗುತ್ತದೆ. ಡಯಾಕ್ಸಿನ್ ಹುಟ್ಟಲು ಬೇಕಾದ ಶಾಖವೂ ಅದೇ. ಅಲ್ಲಿಂದ ಆ ವಿಷ ಹುಲ್ಲಿನ ಮೇಲೆ ಕೂತು, ಹಸುವಿನ ಹೊಟ್ಟೆ ಸೇರಿ, ಹಾಲಿನ ಕೊಬ್ಬಿನ ಜೊತೆ ಮನೆಗೇ ವಾಪಸು ಬರುತ್ತದೆ.

ಅಗ್ನಿ ಎಲ್ಲವನ್ನೂ ಶುದ್ಧಮಾಡುತ್ತಾನೆ ಎನ್ನುವವರಿಗೆ ಒಂದು ಮಾತು. ಆ ಶ್ರದ್ಧೆ ತುಪ್ಪ, ಸಮಿತ್ತು ಬೀಳುವ ಹೋಮಕುಂಡದ್ದು, ಪ್ಲಾಸ್ಟಿಕ್ ಹುಟ್ಟುವುದಕ್ಕೂ ಸಾವಿರಾರು ವರ್ಷ ಹಿಂದಿನದು. ಅದನ್ನು ಕೀಟನಾಶಕದ ಡಬ್ಬಿಗೆ ಅಂಟಿಸುವುದು ಶ್ರದ್ಧೆಗೂ ಅಪಚಾರ.

ಬೇರೆ ನಂಬಿಕೆಗಳೂ ಇವೆ. ಚೆನ್ನಾಗಿ ತೊಳೆದ ಔಷಧಿ ಕ್ಯಾನಿನಲ್ಲಿ ನೀರು ತುಂಬಬಹುದು ಎನ್ನುತ್ತಾರೆ. ತುಂಬಬಾರದು; ಮೂರು ಸಲ ತೊಳೆದ ನೀರನ್ನು ಸ್ಪ್ರೇಯರಿಗೇ ಸುರಿದು, ಕ್ಯಾನಿಗೆ ತೂತು ಹೊಡೆಯಬೇಕು, ಅಷ್ಟೇ. ಮಿಕ್ಕ ಔಷಧಿಯನ್ನು ಕಾಲುವೆಗೆ ಬಿಟ್ಟರೆ ಕೊಚ್ಚಿಕೊಂಡು ಹೋಗುತ್ತದಂತೆ. ಆದರೆ ನಮ್ಮ ಅಯ್ಯನಕೆರೆಯ ನೀರು ವೇದಾ ಹೊಳೆಯಾಗಿ ಹರಿದು, ಮುಂದೆ ವೇದಾವತಿಯಾಗಿ ವಾಣಿವಿಲಾಸ ಸಾಗರ ಸೇರುತ್ತದೆ; ಅಲ್ಲಿಯವರೆಗೂ ಜನ ಕುಡಿಯುವ ನೀರು ಅದು. ಇನ್ನು ಒಡೆದ ಟ್ಯೂಬ್‌ಲೈಟನ್ನು ಪೊರಕೆಯಲ್ಲಿ ಗುಡಿಸಿದರೆ ಪಾದರಸ ಹರಡುತ್ತದೆ. ಕಿಟಕಿ ತೆಗೆದು ಕಾಲು ಗಂಟೆ ಹೊರಗಿದ್ದು, ದಪ್ಪ ರಟ್ಟಿನಿಂದ ಚೂರು ಎತ್ತಿ ಮುಚ್ಚಳದ ಬಾಟಲಿಗೆ ಹಾಕಿ.

ಅಂಗಡಿಯಲ್ಲಿ ಐದು ರೂಪಾಯಿ ಜಾಸ್ತಿ ಕೇಳಿದರೆ ಹತ್ತು ಪ್ರಶ್ನೆ ಹಾಕುವ ನಾವು, ಕಣ್ಣಿಂದ ಮರೆಯಾದದ್ದೆಲ್ಲ ಇಲ್ಲವಾಯಿತು ಎಂಬುದನ್ನು ಮಾತ್ರ ಮರುಮಾತಿಲ್ಲದೆ ಒಪ್ಪುತ್ತೇವೆ. ಓದಿದವರೂ ಅಷ್ಟೇ. ಮೊಬೈಲಿಗೆ ಬಂದ ಯಾವುದೋ ಮದ್ದನ್ನು ನಂಬುವವರು ಔಷಧಿ ಡಬ್ಬಿಯ ಮೇಲೆ ಕನ್ನಡದಲ್ಲೇ ಬರೆದ ಎಚ್ಚರಿಕೆಯನ್ನು ಓದುವುದಿಲ್ಲ. ನನಗೆ ಸಂಕಟವಾಗುವುದು ಇದಕ್ಕೇ.

ಮನೆಗೆ ಬರುವುದನ್ನೇ ಕಡಿಮೆ ಮಾಡಬಹುದು. ಕಾಲು ಲೀಟರ್ ಔಷಧಿ ಸಾಕಾಗುವ ತೋಟಕ್ಕೆ ಒಂದು ಲೀಟರ್ ತರಬೇಡಿ. ಮಿಕ್ಕ ಬಣ್ಣವನ್ನು ಬಣ್ಣ ಹೊಡೆಸುತ್ತಿರುವ ಪಕ್ಕದ ಮನೆಗೆ ಕೊಡಿ. ಟ್ಯೂಬ್‌ಲೈಟ್ ಹೋದಾಗ ಎಲ್ಇಡಿ ಹಾಕಿ. ಸೆಲ್ಲು, ಬಲ್ಬು, ಅವಧಿ ಮುಗಿದ ಮಾತ್ರೆ, ಸೂಜಿಗಳನ್ನು ಮಕ್ಕಳ ಕೈಗೆ ಸಿಗದಂತೆ ಮುಚ್ಚಳದ ಬಕೆಟ್ಟಿನಲ್ಲಿ ಬೇರೆ ಇಡಿ. ಸೂಜಿ ಮಾತ್ರ ಮೊದಲು ಗಟ್ಟಿ ಬಾಟಲಿಗೆ ಹೋಗಲಿ. 2016ರ ಘನತ್ಯಾಜ್ಯ ನಿಯಮ ನಗರಗಳಲ್ಲಿ ಪ್ರತಿ 20 ಚದರ ಕಿಲೋಮೀಟರಿಗೆ ಇಂಥ ಕಸ ಒಪ್ಪಿಸುವ ಒಂದು ಕೇಂದ್ರ ಇರಬೇಕು ಎಂದಿತ್ತು. ಹೋಬಳಿಯ ಜನಕ್ಕೂ ಅದು ಬೇಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆ ಇದನ್ನೂ ಅರ್ಜಿಯಲ್ಲಿ ಬರೆದು ಕೊಡಿ, ನಡಾವಳಿಯಲ್ಲಿ ದಾಖಲಾಗುವವರೆಗೆ ಏಳಬೇಡಿ.