ಕರೆಂಟು ತೆಗೆದು ಕಂಬ ಬದಲಿಸಿ

ಮಸಿನಗುಡಿ ಕಡೆ ಹೊಲ ಮಾಡುವವರಿಗೆ ಸೋಲಾರ್ ಬೇಲಿ ಹೊಸದೇನಲ್ಲ. ಕಂಬ ಬದಲಿಸಬೇಕಾದರೆ ಮೊದಲು ಕರೆಂಟು ತೆಗೀತೀವಿ, ಕತ್ತಲಾಗುವ ಮೊದಲೇ ಮತ್ತೆ ಕೊಡ್ತೀವಿ. ತಪ್ಪಿದರೆ ಒಂದೋ ನಮಗೆ ಶಾಕು, ಇಲ್ಲಾ ಆನೆಗೆ ದಾರಿ. ಇಷ್ಟು ತಿಳಿದ ನಾನೇ ಕಂಪ್ಯೂಟರ್ ವಿಷಯದಲ್ಲಿ ಎಡವಿದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಭದ್ರತಾ ದುರಸ್ತಿ ನಿಂತಿತು. ಹೆಸರು ನೋಂದಾಯಿಸಿದ ಮನೆಬಳಕೆಯವರಿಗೆ ಇನ್ನೊಂದು ವರ್ಷ ವಾಯಿದೆ ಸಿಕ್ಕಿತು. ನಾನು ವಿಂಡೋಸ್ 11ಕ್ಕೇ ಹೋಗೋಣ ಅಂತ ಒಂದು ಸಂಜೆ ಕೂತೆ. ಆ ದಿನವೇ ಶುಂಠಿ ಲಾರಿ ಗುಂಡ್ಲುಪೇಟೆಗೆ ಹೊರಡಬೇಕಿತ್ತು. ತೂಕದ ಪಟ್ಟಿ ಕಂಪ್ಯೂಟರಿನಲ್ಲೇ ಇತ್ತು. ದುಡ್ಡು ಕೊಟ್ಟು ಹಾಕಿಸಿದ್ದ ಆಂಟಿವೈರಸ್ಸನ್ನು ತೆಗೆಯದೆಯೇ ಕೆಲಸ ಶುರು ಮಾಡಿದೆ. ಅರ್ಧಕ್ಕೆ ನೀಲಿ ಪರದೆ ಬಂತು. ಮತ್ತೆ ಚಾಲೂ ಆಗಿ ಮತ್ತೆ ನಿಂತಿತು. ಕೊನೆಗೆ ಹಳೇ ವಿಂಡೋಸ್‌ಗೇ ಬಂದು ಕೂತಾಗ ಗಂಟೆ 9 ದಾಟಿತ್ತು. ಬಂಡೀಪುರದ ಗೇಟು ಮುಚ್ಚಿತ್ತು. ಲಾರಿ ಬೆಳಗಿನ 6ರ ತನಕ ರಸ್ತೆ ಬದಿ ನಿಂತಿತು.

ಮದನಪಲ್ಲಿಯ ಬಾಮೈದ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಬಾವಗಾರೂ, ಬ್ಯಾಕಪ್ ತೀಶಾರಾ?" ತೆಗೆದಿರಲಿಲ್ಲ. ಇಪ್ಪತ್ತು ವರ್ಷದ ಕನ್ನಡ, ತೆಲುಗು ಪದ್ಯಗಳು ಅದರಲ್ಲೇ ಇದ್ದವು. ಕೈಕಾಲು ತಣ್ಣಗಾಯಿತು. ಅದೃಷ್ಟಕ್ಕೆ ಒಂದಕ್ಷರವೂ ಹೋಗಿರಲಿಲ್ಲ.

ಮಾರನೇ ದಿನ ಗೂಡಲೂರಿನ ರಿಪೇರಿ ಅಂಗಡಿ ಹುಡುಗ ಬಿಡಿಸಿ ಹೇಳಿದ: "ಅಯ್ಯಾ, ಆಂಟಿವೈರಸ್ಸು ಬಾಗಿಲಲ್ಲಿ ಕೂತ ಕಾವಲುಗಾರ ಅಲ್ಲ, ಅಡಿಪಾಯದ ಒಳಗೇ ಇರೋನು. ಅಡಿಪಾಯ ಬದಲಿಸೋವಾಗ ಅವನನ್ನ ಹೊರಗೆ ಕಳಿಸ್ಬೇಕು."

ಮಾತು ನಿಜ. 2018ರ ಜನವರಿಯಲ್ಲಿ ವಿಂಡೋಸ್‌ಗೆ ಬಂದ ದುರಸ್ತಿಯೊಂದು ಕೆಲವು ಆಂಟಿವೈರಸ್‌ಗಳಿಗೆ ಒಗ್ಗದೆ ನೀಲಿ ಪರದೆ ಬಂತು; ಹೊಂದಾಣಿಕೆ ಖಚಿತವಾಗುವ ತನಕ ಮೈಕ್ರೋಸಾಫ್ಟ್ ಆ ಕಂಪ್ಯೂಟರ್‌ಗಳಿಗೆ ದುರಸ್ತಿಯನ್ನೇ ತಡೆಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ತಪ್ಪು ಕಡತದಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಹಾಗಂತ ಬೇಲಿಯೇ ಬೇಡ ಅನ್ನುವಂತಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಬಂದಾಗ ಆಂಧ್ರದ ಪೊಲೀಸ್ ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು. ಅದಕ್ಕೆ ಮದ್ದು ಮಾರ್ಚಿಯಲ್ಲೇ ಬಂದಿತ್ತು, ಹಾಕಿಕೊಳ್ಳದವರು ಕೆಟ್ಟರು.

ಎರಡನೇ ಸಲ ನಾನು ಮಾಡಿದ ಕ್ರಮ ಹೀಗಿದೆ. ಮೊದಲು ಲೆಕ್ಕ, ಪದ್ಯ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ಅದನ್ನು ಕಿತ್ತು ಪೆಟ್ಟಿಗೆಯಲ್ಲಿಟ್ಟೆ. ಆಂಟಿವೈರಸ್ಸಿನ ಲೈಸೆನ್ಸ್ ನಂಬರನ್ನು ಡೈರಿಯಲ್ಲಿ ಬರೆದುಕೊಂಡೆ. ಸೆಟ್ಟಿಂಗ್ಸ್‌ನಲ್ಲಿ ಹೋಗಿ ಅದನ್ನು ಪೂರ್ತಿ ತೆಗೆದು, ಕಂಪ್ಯೂಟರ್ ಒಮ್ಮೆ ಆರಿಸಿ ಹಚ್ಚಿದೆ. ಆಗ ವಿಂಡೋಸಿನದೇ ಡಿಫೆಂಡರ್ ತಾನಾಗಿ ಕಾವಲಿಗೆ ನಿಲ್ಲುತ್ತದೆ. ನಿಂತಿದೆಯೋ ಇಲ್ಲವೋ ಕಣ್ಣಾರೆ ನೋಡಿಕೊಳ್ಳಿ. ಕೆಲಸ ಮುಗಿಯುವ ತನಕ ಬ್ಯಾಂಕು, ಮೇಲು ಮುಟ್ಟಲಿಲ್ಲ. ಮಳೆಗಾಲದ ಕರೆಂಟು ನಂಬುವ ಹಾಗಿಲ್ಲ, ಯುಪಿಎಸ್ ಇರಲಿ. ಮುಗಿದ ಮೇಲೆ ಆಂಟಿವೈರಸ್ ಬೇಕಾದರೆ, ವಿಂಡೋಸ್ 11ಕ್ಕೆ ಒಪ್ಪುವ ಹೊಸದನ್ನು ತಯಾರಕರಿಂದಲೇ ಇಳಿಸಿಕೊಳ್ಳಿ. ಒಂದೇ ಸಾಕು, ಎರಡಾದರೆ ಅವೇ ಜಗಳ ಆಡ್ತವೆ.

ಇನ್ನೊಂದು ಮಾತು. ಎಲ್ಲ ಹಳೇ ಕಂಪ್ಯೂಟರಿಗೂ ವಿಂಡೋಸ್ 11 ಹಿಡಿಸದು, ಟಿಪಿಎಂ 2.0 ಇರಬೇಕು, 4 ಜಿಬಿ ರ‍್ಯಾಮ್ ಇರಬೇಕು. ಮೊದಲೇ ಪರೀಕ್ಷಿಸಿ. "ನಿಮ್ಮ ಆಂಟಿವೈರಸ್ ಮುಗಿದಿದೆ, ದುಡ್ಡು ಕಟ್ಟಿ" ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಈಗ ಪದ್ಯಗಳು ಎರಡು ಕಡೆ ಇವೆ. ಲಾರಿ ಹೊರಡುವ ದಿನ ಮಾತ್ರ ನಾನು ಕಂಪ್ಯೂಟರಿನ ಕಂಬ ಕೀಳುವುದಿಲ್ಲ.