ಲೆವಾಲಾ ಹೆಕ್ಕಿದ ಕಲ್ಲು

ನಮೀಬಿಯಾದ ಬಂದರು ಪಟ್ಟಣ ಲೂಡೆರಿಟ್ಜ್‌ನಿಂದ ಹತ್ತು ಕಿಲೊಮೀಟರಿನಷ್ಟು ಒಳಕ್ಕೆ ಹೋದರೆ ಕೋಲ್ಮನ್ಸ್‌ಕಾಪ್ ಸಿಗುತ್ತದೆ. ನಡುಮನೆಯಲ್ಲಿ ಎದೆಮಟ್ಟ ಮರಳು ತುಂಬಿಕೊಂಡ ಜರ್ಮನ್ ಬಂಗಲೆಗಳ ಫೋಟೊಗಳನ್ನು ನೀವೂ ನೋಡಿರಬಹುದು. ಆ ಫೋಟೊಗಳಲ್ಲಿ ಕಾಣದ ಒಬ್ಬನಿದ್ದಾನೆ: ಜಕಾರಿಯಸ್ ಲೆವಾಲಾ.

1908ರ ಏಪ್ರಿಲ್. ಆಗ ನಮೀಬಿಯಾ ಜರ್ಮನ್ ವಸಾಹತು. ನಮೀಬ್ ಮರುಭೂಮಿಯ ಗಾಳಿಗೆ ರೈಲುಹಳಿ ಮತ್ತೆ ಮತ್ತೆ ಮರಳಲ್ಲಿ ಮುಚ್ಚಿಹೋಗುತ್ತಿತ್ತು. ಸಲಿಕೆ ಹಿಡಿದು ಅದನ್ನು ಬಿಡಿಸುವುದು ಲೆವಾಲಾನ ಕೂಲಿ. ಹಾಗೆ ಮರಳೆತ್ತುವಾಗ ಸಣ್ಣದೊಂದು ಕಲ್ಲು ಮಿನುಗಿತು. ಅದೃಷ್ಟ ಅಂದುಬಿಡುವುದು ಸುಲಭ. ಆದರೆ ಅವನು ಮೊದಲು ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ವಜ್ರದ ಗಣಿಗಳಲ್ಲಿ ದುಡಿದವನು. ಕಚ್ಚಾ ವಜ್ರದ ಗುರುತು ಅವನ ಕಣ್ಣಿಗಿತ್ತು. ಬೇರೆಯವರು ಎಡವಿ ಮುಂದೆ ಹೋಗುತ್ತಿದ್ದರೇನೋ. ಅವನು ಹೆಕ್ಕಿದ, ಮೇಲ್ವಿಚಾರಕ ಆಗಸ್ಟ್ ಸ್ಟೌಖ್‌ನ ಕೈಗಿಟ್ಟ. ಸ್ಟೌಖ್ ಗಣಿಹಕ್ಕು ಪಡೆದು ದೊಡ್ಡ ಶ್ರೀಮಂತನಾದ. ಲೆವಾಲಾನಿಗೆ ಪಾಲಿರಲಿ, ಇನಾಮೂ ಸಿಗಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಸರ್ಕಾರ ಸುತ್ತಲ ಸೀಮೆಯನ್ನೆಲ್ಲ ನಿಷಿದ್ಧ ವಲಯವೆಂದು ಸಾರಿತು.

ಮೊದಮೊದಲು ಅಗೆಯುವ ಕೆಲಸವೇ ಇರಲಿಲ್ಲ. ಆಳುಗಳು ಸಾಲಾಗಿ ನೆಲಕ್ಕೆ ಬಗ್ಗಿ, ತೆವಳುತ್ತ ವಜ್ರ ಆಯುತ್ತಿದ್ದರು. ಜರಡಿ, ಯಂತ್ರ ಎಲ್ಲ ಆಮೇಲೆ ಬಂದವು. 1912ರ ಹೊತ್ತಿಗೆ ವರ್ಷಕ್ಕೆ ಸುಮಾರು 10 ಲಕ್ಷ ಕ್ಯಾರೆಟ್, ಅಂದರೆ ಲೋಕದ ಉತ್ಪಾದನೆಯ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಇಲ್ಲಿಂದಲೇ ಹೋಗುತ್ತಿತ್ತು. ಹನಿ ನೀರಿಲ್ಲದ ಊರಿಗೆ ಕೇಪ್‌ಟೌನಿನಿಂದ ಹಡಗಿನಲ್ಲಿ ನೀರು ಬರುತ್ತಿತ್ತು. ಐಸ್ ಕಾರ್ಖಾನೆ, ನೃತ್ಯಶಾಲೆ ಎದ್ದವು. ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರವೂ ಇತ್ತು. ಮುರಿದ ಮೂಳೆ ನೋಡಲಷ್ಟೇ ಅಲ್ಲ, ಕೂಲಿಯವರು ವಜ್ರ ನುಂಗಿದ್ದಾರೆಯೇ ಎಂದು ಹುಡುಕಲೂ ಅದು ಬೇಕಿತ್ತು. ಗುತ್ತಿಗೆಯ ಮೇಲೆ ಉತ್ತರದಿಂದ ಬಂದ ನೂರಾರು ಓವಾಂಬೊ ಜನ ಇದ್ದದ್ದು ಬಂಗಲೆಗಳಲ್ಲಲ್ಲ, ಒತ್ತೊತ್ತಾದ ವಸತಿಸಾಲುಗಳಲ್ಲಿ. ಊರಿನ ವೈಭವ ವರ್ಣಿಸುವವರು ಇದನ್ನು ಒಂದು ಮಾತಿನಲ್ಲಿ ದಾಟಿಬಿಡುವುದು ನನಗೆ ಸರಿಕಾಣುವುದಿಲ್ಲ.

1928ರ ಸುಮಾರಿಗೆ ದಕ್ಷಿಣದಲ್ಲಿ, ಆರೆಂಜ್ ನದಿಯ ಬಳಿ ಇನ್ನೂ ದೊಡ್ಡ ವಜ್ರಗಳು ಸಿಕ್ಕವು. ಜನ ಅತ್ತ ಗುಳೆ ಹೋದರು. 1956ಕ್ಕೆ ಊರು ಪೂರ್ತಿ ಬರಿದಾಯಿತು. ಸ್ಟೌಖ್ ಕೂಡ ಸಂಪತ್ತೆಲ್ಲ ಕಳೆದುಕೊಂಡು 1947ರಲ್ಲಿ ಬಡವನಾಗಿ ತೀರಿಕೊಂಡ. 1980ರಿಂದೀಚೆಗೆ ಕೆಲವು ಕಟ್ಟಡಗಳನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯ ನಡೆಸುತ್ತಿದ್ದಾರೆ.

ಊರಿನ ಹೆಸರು ಬಂದದ್ದು ಕೋಲ್ಮನ್ ಎಂಬ ಬಂಡಿಯವನಿಂದ. ಮರಳಗಾಳಿಗೆ ಸಿಕ್ಕಿ ಅವನು ಎತ್ತಿನ ಬಂಡಿಯನ್ನು ಅಲ್ಲೇ ಬಿಟ್ಟುಹೋಗಿದ್ದನಂತೆ. ಬಂಡಿ ಬಿಟ್ಟವನ ನೆನಪು ಭೂಪಟದಲ್ಲಿ ಉಳಿದಿದೆ, ಇರಲಿ. ಆದರೆ ನ್ಯಾಯವಾಗಿ ಆ ಊರು ಲೆವಾಲಾನ ಹೆಸರಿನದಾಗಬೇಕಿತ್ತು.