ಚರ್ಮದಡಿಯ ಸೋಲಾರ್ ಸೆಲ್

ಮೊಬೈಲ್ ಟಾರ್ಚನ್ನು ಬೆರಳಿಗೆ ಒತ್ತಿ ನೋಡಿ, ಬೆರಳು ಕೆಂಪಗೆ ಹೊಳೆಯುತ್ತೆ. ನೀಲಿ, ಹಸಿರನ್ನು ರಕ್ತ ಹೀರುತ್ತೆ; ಕೆಂಪು ದಾಟಿ ಬರುತ್ತೆ. ಬಿಸಿಲಲ್ಲಿರೋ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಇನ್ನೂ ಆಳಕ್ಕಿಳಿಯುತ್ತೆ. ಚರ್ಮದಡಿ ಪುಟ್ಟ ಸೋಲಾರ್ ಸೆಲ್ ಇಟ್ಟು ಪೇಸ್‌ಮೇಕರ್ ಓಡಿಸೋ ಆಸೆಗೆ ಇದೇ ಆಧಾರ. ಅದಕ್ಕೆ ಬೇಕಿರೋದು ಹತ್ತಾರು ಮೈಕ್ರೋವ್ಯಾಟ್ ಅಷ್ಟೇ.

ಬ್ಯಾಟರಿ ಸಾಲದಾ ಅಂತೀರಾ? ಅದು ಮುಗಿದರೆ ಮತ್ತೆ ಆಪರೇಷನ್. 1958ರಲ್ಲಿ ಮೊದಲ ಬಾರಿಗೆ ದೇಹದೊಳಗೆ ಪೇಸ್‌ಮೇಕರ್ ಹಾಕಿಸಿಕೊಂಡ ಸ್ವೀಡನ್ನಿನ ಆರ್ನೆ ಲಾರ್ಸನ್ ಬದುಕಿನುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡರು.

ನನ್ನ ತಲೆ ತಿನ್ನೋದು ಬೇರೆ ವಿಷಯ. ಕಪ್ಪು ಚರ್ಮದ ಮೆಲನಿನ್ ಬೆಳಕನ್ನು ಹೆಚ್ಚು ಹೀರುತ್ತೆ. ಬಿಳಿ ಚರ್ಮಕ್ಕೆ ಹಾಕಿದ ಲೆಕ್ಕ ನಮ್ಮ ಮೈಗೆ ಹಾಗೇ ಒಪ್ಪಲ್ಲ; ಸೆಲ್ ದೊಡ್ಡದಾಗಬೇಕು, ಇಲ್ಲಾಂದ್ರೆ ಬಿಸಿಲಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು.